ಸಣ್ಣ ಲೈಬ್ರರಿಯಾಗ ಒಬ್ಬರೇ ಡ್ಯೂಟಿ ಮಾಡೋರು ಸೇಫಾಗಿರೋದು ಹೆಂಗ?

ಸಿಂಧನೂರು ಕಡೆ ಲೈಬ್ರರಿಯಾಗ ನಮ್ಮಕ್ಕ ರಾತ್ರಿ 8ರ ತನಕ ಒಬ್ಬಾಕಿನ ಇರ್ತಾಳ, ಏನ್ ಮಾಡ್ಬೇಕು ಅಂತ ಕೇಳೀರಿ. ಮೊದಲ ಅಕಿ ಟೇಬಲ್ ಎಲ್ಲದ ನೋಡ್ರಿ, ಮೂಲಿಯಾಗ ಇದ್ರ ಬಾಗಿಲ ಕಡೆ ಸರಸ್ರಿ, ಯಾರೂ ಅಡ್ಡ ನಿಂತು ದಾರಿ ಕಟ್ಟಬಾರದು, ಇದಕ್ಕ ರೊಕ್ಕಾನೂ ಬೇಕಾಗಿಲ್ಲ. ಕುಡುದು ಬಂದವರ ಜೋಡಿ ವಾದ ಬ್ಯಾಡ, ಪುಸ್ತಕ ಹೋದ್ರ ಹೋಗ್ಲಿ, ಹೊರಗ ಬಂದು 112ಕ್ಕ ಫೋನ್ ಮಾಡ್ಲಿ. ಲೈಂಗಿಕ ಕಿರುಕುಳ ಆದ್ರ ಕೆಲಸದ ಜಾಗದಾಗಿನ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ 10 ಮಂದಿಗಿಂತ ಕಡಿಮಿ ಸಿಬ್ಬಂದಿ ಇರೋ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ 3 ತಿಂಗಳೊಳಗ ದೂರು ಬರದು ಕೊಡಬಹುದು, ಓದಾಕ ಬಂದ ಹೆಣ್ಮಕ್ಕಳೂ ಕೊಡಬಹುದು, ಬಾಳ ಮಂದಿಗೆ ಇದು ಗೊತ್ತೇ ಇಲ್ಲ.

ಇನ್ನ ಬೆಂಕಿ. ನಮ್ಮ ರಾಯಚೂರು ಬ್ಯಾಸಗಿ ಗೊತ್ತಲ್ಲ, 40 ಡಿಗ್ರಿ ದಾಟಿದಾಗ ಹಳೇ ವೈರಿಂಗ್ ಮ್ಯಾಲ ಎರಡು ಕೂಲರ್ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ರ ಮುಗೀತು, ಸುತ್ತ ಬರೇ ಕಾಗದ. ಬೆಂಕಿ ಆರಿಸೋ ಎಬಿಸಿ ಪೌಡರ್ ಸಿಲಿಂಡರ್ ಕಾಗದಕ್ಕೂ ಕರೆಂಟಿನ ಬೆಂಕಿಗೂ ನಡೀತದ, ಅದರ ಪ್ರೆಶರ್ ಮೀಟರಿನ ಮುಳ್ಳು ಹಸಿರು ಪಟ್ಟಿಯೊಳಗ ಅದನೋ ಇಲ್ಲೋ ತಿಂಗಳಿಗೊಮ್ಮೆ ನೋಡ್ರಿ. ಇನ್ನ ಕಬ್ಬಿಣದ ರ‍್ಯಾಕ್ ಮೈಮ್ಯಾಲ ಬೀಳದಂಗ ಗೋಡಿಗೆ ಬೋಲ್ಟ್ ಹಾಕ್ಸ್ರಿ, ದಪ್ಪ ಪುಸ್ತಕ ಕೆಳಗ ಇಡ್ರಿ.