ಆಟದೊಳಗೇ ಲೆಕ್ಕ ಇರಲಿ

ಪ್ರಶ್ನೆ: ಮಕ್ಕಳಿಗೆ ಭಾಗಾಕಾರ ಕಲಿಸಲು ಮೊಬೈಲ್ ಗೇಮ್ ಮಾಡುತ್ತಿದ್ದೇನೆ. ಓಡುವ ಆಟ, ಪ್ರತಿ ಹಂತ ಮುಗಿದ ಮೇಲೆ ಐದು ಲೆಕ್ಕ. ಮಕ್ಕಳು ಖುಷಿಯಿಂದ ಓಡುತ್ತಾರೆ, ಲೆಕ್ಕ ಬಂದ ಕೂಡಲೇ ಏನೋ ಒಂದು ಒತ್ತಿ ಮುಂದೆ ಹೋಗುತ್ತಾರೆ. ಏನು ಮಾಡಲಿ?

ಉತ್ತರ: ಮಕ್ಕಳದ್ದು ತಪ್ಪಿಲ್ಲ. ನಿಮ್ಮ ಆಟದಲ್ಲಿ ಲೆಕ್ಕ ಅಂದ್ರೆ ದಾರಿಗೆ ಅಡ್ಡ ಬರುವ ಗೇಟು, ಅಲ್ವಾ? ಬ್ರಿಟನ್ನಿನ ಸಂಶೋಧಕರಾದ ಹ್ಯಾಬ್‌ಗುಡ್ ಮತ್ತು ಐನ್ಸ್‌ವರ್ತ್ ಇದನ್ನೇ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಅವರ ಆಟದಲ್ಲಿ ಎದುರಾಳಿಯ ಎದೆ ಮೇಲೆ ಒಂದು ಸಂಖ್ಯೆ. ಅದನ್ನು ಶೇಷವಿಲ್ಲದೆ ಭಾಗಿಸುವ ಆಯುಧ ಆರಿಸಿದರೆ ಮಾತ್ರ ಅವನು ಬೀಳುತ್ತಾನೆ. ಅದೇ ಆಟದ ಇನ್ನೊಂದು ರೂಪದಲ್ಲಿ ಲೆಕ್ಕ ನಿಮ್ಮ ಹಾಗೆ ಹಂತಗಳ ನಡುವೆ ಇತ್ತು. ಲೆಕ್ಕ ಆಟದೊಳಗೇ ಇದ್ದ ರೂಪದಲ್ಲಿ ಮಕ್ಕಳು ಜಾಸ್ತಿ ಕಲಿತರು, ತಾವೇ ಆರಿಸಿ ಆಡಲು ಬಿಟ್ಟಾಗ ಅದನ್ನು ಏಳು ಪಟ್ಟು ಹೆಚ್ಚು ಹೊತ್ತು ಆಡಿದರು.

ನೀವೂ ಓಟದ ದಾರಿಯಲ್ಲೇ ಲೆಕ್ಕ ಇಡಿ: ಮುಂದೆ 18 ಅಂತ ಬಂಡೆ, ಕೈಯಲ್ಲಿ 3, 4, 5ರ ಸುತ್ತಿಗೆ. ಮೂರರಿಂದ ಹೊಡೆದರೆ ಬಂಡೆ ಆರಾರರ ಮೂರು ತುಂಡಾಗಲಿ, ನಾಲ್ಕರಿಂದ ಹೊಡೆದರೆ ಎರಡು ಚೂರು ಅಲ್ಲೇ ಉಳಿದು ಕಾಣಲಿ. ತಪ್ಪಿಗೆ ಬರೀ ಕೆಂಪು ಗುರುತು ಬೇಡ. ಹಾಗಂತ ಬಂಡೆಗಳು ಬೇಗ ಬೇಗ ಬರಬಾರದು, ಯೋಚಿಸಲು ಪುರುಸೊತ್ತು ಕೊಡಿ. ನಾಣ್ಯ, ಬ್ಯಾಡ್ಜುಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ.