ಅಮ್ಮನಿಗೆ ಯಾವ ಪ್ರಾಣಿ ತರುವುದು?

ವಯಸ್ಸಾದ ತಂದೆ ತಾಯಿಯ ಒಂಟಿತನ ಕಳೆಯಲು ಯಾವ ಪ್ರಾಣಿಯನ್ನು ತಂದುಕೊಡಬೇಕು ಎಂಬ ಪ್ರಶ್ನೆಯನ್ನು ಹಿಡಿದು ನನ್ನ ಬಳಿ ಸಲಹೆಗೆ ಬರುವ ಮಕ್ಕಳಲ್ಲಿ ಬಹುಪಾಲು ಮಂದಿ ಅದಾಗಲೇ ಒಂದನ್ನು ತಂದುಕೊಟ್ಟಿರುತ್ತಾರೆ. ಅಂಥದೊಂದು ಪ್ರಕರಣವನ್ನು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಚಿಂತಾಮಣಿ ಕಡೆಯ ಹಳ್ಳಿಯ, ಎಪ್ಪತ್ತು ದಾಟಿದ ಹೆಂಗಸು. ಪತಿ ತೀರಿಕೊಂಡು, ಮಂಡಿಯ ಶಸ್ತ್ರಚಿಕಿತ್ಸೆಯೂ ಆದ ಮೇಲೆ ಮಕ್ಕಳು ಮನೆಯಲ್ಲಿದ್ದ ಎರಡು ಸೀಮೆಹಸುಗಳನ್ನು ಮಾರಿ, ಬೆಂಗಳೂರಿನಿಂದ ಲ್ಯಾಬ್ರಡಾರ್ ಮರಿಯೊಂದನ್ನು ತಂದುಬಿಟ್ಟಿದ್ದರು. ಬೆಳೆದ ಲ್ಯಾಬ್ರಡಾರ್ 25ರಿಂದ 35 ಕೆ.ಜಿ. ತೂಗುತ್ತದೆ. ಬೀದಿನಾಯಿಯನ್ನು ಕಂಡು ಅದು ಸರಪಳಿ ಎಳೆದಾಗ ಆಕೆ ಬಿದ್ದರು; ಮೂಳೆ ಮುರಿಯಲಿಲ್ಲ, ಆದರೆ ಊಟವೂ ಮಾತೂ ಕಡಿಮೆಯಾದವು.

ಮೊದಲ ಭೇಟಿಯಲ್ಲಿ ಮಾತೆಲ್ಲ ಹಿರಿಯ ಮಗನದೇ. ಎರಡನೆಯ ಭೇಟಿಯಲ್ಲಿ ಅವರನ್ನು ಹೊರಗೆ ಕೂರಿಸಿ, ನಾಯಿಯ ಸುದ್ದಿಯನ್ನೇ ಎತ್ತದೆ, ಹಸುಗಳಿದ್ದ ಕಾಲದ ಒಂದು ದಿನ ಹೇಗಿರುತ್ತಿತ್ತೆಂದು ತಾಯಿಯನ್ನು ಕೇಳಿದೆ. ನಸುಕಿನಲ್ಲೇ ಎದ್ದು ಹಾಲು ಕರೆಯುವುದು, ಕ್ಯಾನು ಹಿಡಿದು ಡೈರಿಯ ಸಾಲಿನಲ್ಲಿ ನಿಲ್ಲುವುದು, ಯಾರ ಹಾಲಿಗೆ ಎಷ್ಟು ಫ್ಯಾಟ್ ಬಂತೆಂಬ ಚರ್ಚೆ, ಆ ನಡುವೆ ಊರಿನ ಮದುವೆ ಮುಂಜಿಗಳ ಸುದ್ದಿ ಎಲ್ಲವನ್ನೂ ಬಿಡದೆ ಹೇಳಿದರು. ಆಮೇಲೆ ತಾವಾಗಿಯೇ ಅಂದರು: “ಹಸ ಇದ್ದಾಗ ಹಾಲಿಗೆ ಅಂತ ನಾಕು ಜನ ಬಾಗಿಲಿಗೆ ಬರೋರು. ಇದು ಬಂದ್ಮೇಲೆ ಬರೋರೂ ನಿಂತೋದ್ರು ಮೇಡಂ. ಪಕ್ಕದ ಬೀದಿ ಅಕ್ಕ ನಮ್ಮ ಜಗುಲಿ ಮೇಲೆ ಕೂತು ಅವರೆಕಾಯಿ ಸುಲಿಯೋಳು. ಈಗ ಗೇಟ್ ಹತ್ರಾನೇ ಕೂಗಿ ಹೊರಟೋಗ್ತಾಳೆ.”

ಮಗನನ್ನು ಒಳಗೆ ಕರೆದು ಈ ಮಾತನ್ನು ತಾಯಿಯ ಬಾಯಿಂದಲೇ ಮತ್ತೆ ಹೇಳಿಸಿದೆ. ಅವರು ತುಸು ಹೊತ್ತು ಸುಮ್ಮನಿದ್ದು, “ನಾಯಿ ಇದ್ರೆ ನಮಗೆ ಅಲ್ಲಿ ಧೈರ್ಯ” ಎಂದರು. ಅದು ಸುಳ್ಳಲ್ಲ, ಆದರೆ ಮಕ್ಕಳ ಧೈರ್ಯಕ್ಕೆ ಬೇಕಾದ ಪ್ರಾಣಿಯೂ ತಾಯಿಯ ದಿನಕ್ಕೆ ಒಗ್ಗುವ ಪ್ರಾಣಿಯೂ ಒಂದೇ ಆಗಬೇಕಾಗಿಲ್ಲ.

ನಾಯಿಯನ್ನು ತೋಟದ ಮನೆಯಲ್ಲಿರುವ ಎರಡನೆಯ ಮಗನ ಬಳಿಗೆ ಕಳುಹಿಸಲು ಸೂಚಿಸಿದೆ. ಸಾಕಿದ ಜೀವವನ್ನು ಕಳುಹಿಸಿಬಿಡಿ ಎನ್ನುವುದು ಯಾವ ಸಲಹೆ ಎಂದು ಆಕ್ಷೇಪಿಸಿದವರಿದ್ದಾರೆ. ಹತ್ತು ಹನ್ನೆರಡು ವರ್ಷ ಬದುಕುವ, ದಿನವೂ ಓಡಾಡಬೇಕಾದ ನಾಯಿಯನ್ನು ಮಂಡಿ ನೋವಿನವರ ಅಂಗಳದಲ್ಲಿ ಕಟ್ಟಿಹಾಕುವುದು ಆ ನಾಯಿಗೂ ಸುಖವಲ್ಲವೆಂಬುದು ನನ್ನ ಉತ್ತರ, ಅದನ್ನು ಈಗಲೂ ಬದಲಿಸುವುದಿಲ್ಲ.

ತಾಯಿಗೆ ಬೇಕಿದ್ದುದು ಕರು. ಅದಕ್ಕೂ ನಾನು ಒಪ್ಪಲಿಲ್ಲ. ಕರು ಹಸುವಾಗುತ್ತದೆ, ಹಸುವಿಗೆ ದಿನಕ್ಕೆ 20 ಕೆ.ಜಿ.ಗೂ ಹೆಚ್ಚು ಹಸಿಮೇವು ಬೇಕು, ಸಗಣಿ ಬಾಚಲು ಬಗ್ಗಬೇಕು. ಗಿಳಿ ತರೋಣವೆಂದು ಮಗಳು ಫೋನಿನಲ್ಲಿ ಹೇಳಿದರು. ನಮ್ಮ ಕಡೆಯ ಹಸಿರು ಗಿಳಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೆಂಬುದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ.

ನಾನು ಹೇಳಿದ್ದು ಇಷ್ಟು: ಮನೆಗೆ ಪ್ಯಾಕೆಟ್ ಹಾಲು ತರಿಸುವುದನ್ನು ನಿಲ್ಲಿಸಿ, ತಾಯಿಯೇ ಕೋಲು ಹಿಡಿದು ಸಂಜೆ ಡೈರಿಗೆ ಹೋಗಿ ಅರ್ಧ ಲೀಟರ್ ತರಲಿ. ಆಮೇಲೂ ಪ್ರಾಣಿ ಬೇಕೆನಿಸಿದರೆ ಬೆಳೆದ, ಮನುಷ್ಯರಿಗೆ ಒಗ್ಗಿದ, ಸಂತಾನಹರಣ ಚಿಕಿತ್ಸೆಯಾದ ಬೆಕ್ಕು ಸಾಕು. ಮರಿ ಬೇಡ, ಅದು ಕಾಲಿಗೆ ತೊಡರಿಕೊಳ್ಳುತ್ತದೆ. ಬೆಕ್ಕಿನಿಂದಲೂ ರೇಬಿಸ್ ಬರಬಹುದಾದ್ದರಿಂದ ಪ್ರತಿವರ್ಷ ಲಸಿಕೆ ಹಾಕಿಸಬೇಕು. ಪರಚಿದರೆ ಅಥವಾ ಕಚ್ಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ಬೆಕ್ಕು ತರುವ ಮುನ್ನವೇ ವೈದ್ಯರನ್ನು ಕೇಳುವುದು ಲೇಸು.

ತಾಯಿ ಆಸ್ಪತ್ರೆ ಸೇರಿದರೆ ಬೆಕ್ಕನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಒಬ್ಬರ ಹೆಸರನ್ನು, ಅವರ ಒಪ್ಪಿಗೆಯೊಡನೆ, ಹೇಳದ ಹೊರತು ತರಬೇಡಿ ಎಂದೂ ಹಟ ಹಿಡಿದೆ. ಅವರೆಕಾಯಿ ಸುಲಿಯುತ್ತಿದ್ದ ಅಕ್ಕ ಒಪ್ಪಿದ್ದಾರೆ. ಖರ್ಚು ಹಿರಿಯ ಮಗನದು. ಗಿಳಿಯ ಮಾತನ್ನು ಮಗಳು ಮಾತ್ರ ಇನ್ನೂ ಬಿಟ್ಟಿಲ್ಲ.