ಕಾಲಿಲ್ಲದ ಜೀವಕೋಶ ನಡೆಯುವುದು ಹೇಗೆ?

ಪ್ರಶ್ನೆ: ಕ್ಯಾನ್ಸರ್ ಗಡ್ಡೆ ಒಂದು ಕಡೆ ಇದ್ದರೂ ರೋಗ ಬೇರೆ ಅಂಗಕ್ಕೆ ಹರಡುತ್ತದೆ. ಕೈಕಾಲಿಲ್ಲದ ಜೀವಕೋಶ ಅಲ್ಲಿಗೆ ಹೋಗುವುದು ಹೇಗೆ? ಆಕ್ಟಿನ್ ಎಂಬ ಪ್ರೋಟೀನ್ ಕಾರಣ ಎಂದು ಓದಿದೆ. ಅದನ್ನೇ ತಡೆದರೆ ಆಯಿತಲ್ಲವೇ?

ಉತ್ತರ: ತಡೆಯಬಹುದು. ಆದರೆ ರೋಗಿಯೂ ಉಳಿಯುವುದಿಲ್ಲ. ಹೃದಯ ಬಡಿಯುವುದಕ್ಕೆ ಆಕ್ಟಿನ್ ಬೇಕು. ಗಾಯ ಮಾಯಲು ಬೇಕು, ಬಿಳಿ ರಕ್ತಕಣ ಸೋಂಕಿನ ಕಡೆ ತೆವಳಲು ಬೇಕು. ಬೂಷ್ಟಿನಿಂದ (ಶಿಲೀಂಧ್ರ) ಸಿಗುವ ಸೈಟೋಕಲಾಸಿನ್ ಎಂಬ ರಾಸಾಯನಿಕ, ಆಕ್ಟಿನ್ ಅಣುಗಳು ಸಾಲಾಗಿ ಸೇರಿ ಆಗುವ ಎಳೆ ಬೆಳೆಯದಂತೆ ಮಾಡುತ್ತದೆ. ನಾವು ಲ್ಯಾಬಿನಲ್ಲಿ ಬಳಸುತ್ತೇವೆ, ರೋಗಿಗೆ ಮಾತ್ರ ಯಾರೂ ಕೊಡುವುದಿಲ್ಲ.

ಈ ಎಳೆಗಳನ್ನು ನೋಡುವುದೇ ನನ್ನ ಕೆಲಸ. ವಿಷದ ಅಣಬೆಯಲ್ಲಿರುವ ಫ್ಯಾಲಾಯ್ಡಿನ್ ಎಂಬ ವಿಷಕ್ಕೆ ಹೊಳೆಯುವ ಬಣ್ಣ ಸೇರಿಸಿ ಕೋಶಕ್ಕೆ ಹಾಕುತ್ತೇವೆ. ಅದು ಆಕ್ಟಿನ್ ಎಳೆಗೇ ಹೋಗಿ ಅಂಟುತ್ತದೆ. ಎಳೆಯ ದಪ್ಪ ಸುಮಾರು 7 ನ್ಯಾನೋಮೀಟರ್ ಅಷ್ಟೇ. ಅದರ ಒಂದು ತುದಿಗೆ ಆಕ್ಟಿನ್ ಅಣುಗಳು ಒಂದೊಂದಾಗಿ ಸೇರುತ್ತವೆ. ಎಳೆ ಉದ್ದವಾಗಿ ಕೋಶದ ಪೊರೆಯನ್ನು ಒಳಗಿನಿಂದ ಮುಂದಕ್ಕೆ ತಳ್ಳುತ್ತದೆ. ಹಿಂಬದಿಯನ್ನು ಮಯೋಸಿನ್ ಎಂಬ ಇನ್ನೊಂದು ಪ್ರೋಟೀನ್ ಎಳೆದುಕೊಳ್ಳುತ್ತದೆ. ನಡಿಗೆ ಅಂದರೆ ಇಷ್ಟೇ.

ಎಳೆ ಎಲ್ಲಿ ಹುಟ್ಟಬೇಕು, ಯಾವಾಗ ತುಂಡಾಗಬೇಕು ಎನ್ನುವುದನ್ನು ಆಕ್ಟಿನ್ ತಾನೇ ತೀರ್ಮಾನಿಸುವುದಿಲ್ಲ. ಅದಕ್ಕೆ ಅಂಟಿಕೊಳ್ಳುವ ಬೇರೆ ಪ್ರೋಟೀನ್‌ಗಳಿವೆ. ನನ್ನನ್ನು ಕೇಳಿದರೆ ಕಥೆ ಇರುವುದೇ ಅಲ್ಲಿ. ಆರ್ಪ್2/3 ಹಳೆಯ ಎಳೆಯ ಪಕ್ಕದಿಂದ ಸುಮಾರು 70 ಡಿಗ್ರಿ ಕೋನದಲ್ಲಿ ಹೊಸ ಕವಲು ಹೊರಡಿಸುತ್ತದೆ. ಕೋಫಿಲಿನ್ ಎಳೆಯನ್ನು ಕತ್ತರಿಸುತ್ತದೆ. ಕತ್ತರಿಸಿದರೆ ಕೋಶ ನಿಲ್ಲಬೇಕು, ಅಲ್ವಾ? ಆಗುವುದು ಬೇರೆ. ಕತ್ತರಿಸಿದ ಕಡೆ ಬೆಳೆಯಲು ಹೊಸ ತುದಿ ಸಿಗುತ್ತದೆ, ಬಿಡಿ ಅಣುಗಳೂ ವಾಪಸ್ ಸಿಗುತ್ತವೆ. ಎಷ್ಟೋ ಕೋಶಗಳು ಇದರಿಂದಲೇ ವೇಗವಾಗಿ ಚಲಿಸುತ್ತವೆ.

ಫ್ಯಾಸಿನ್ ಎಳೆಗಳನ್ನು ಸೌದೆ ಹೊರೆಯ ಹಾಗೆ ಒತ್ತಾಗಿ ಕಟ್ಟುತ್ತದೆ. ಆಗ ಕೋಶದಿಂದ ಬೆರಳಿನಂಥ ಚಾಚುಗಳು ಹೊರಡುತ್ತವೆ. ಕರುಳು, ಸ್ತನದಂಥ ಅಂಗಗಳ ಒಳಪದರದ ಆರೋಗ್ಯವಂತ ಕೋಶಗಳಲ್ಲಿ ಫ್ಯಾಸಿನ್ ತೀರಾ ಕಡಿಮೆ. ಅಲ್ಲಿನ ಅನೇಕ ಕ್ಯಾನ್ಸರ್‌ಗಳಲ್ಲಿ ಮಾತ್ರ ಜಾಸ್ತಿ. ಔಷಧ ಹುಡುಕುವವರ ಕಣ್ಣು ಅದರ ಮೇಲೆ ಬಿದ್ದಿರುವುದು ಇದಕ್ಕೇ. ಅದನ್ನು ತಡೆಯುವ ಅಣುವೊಂದು ರೋಗಿಗಳ ಮೇಲಿನ ಪ್ರಯೋಗದ ಹಂತಕ್ಕೂ ಬಂದಿದೆ. ಇನ್ನು ಕಾರ್ಟಾಕ್ಟಿನ್. ಇದರ ಜೀನ್ 11ನೇ ಕ್ರೋಮೋಸೋಮ್‌ನಲ್ಲಿದೆ. ತಲೆ-ಕುತ್ತಿಗೆಯ ಮತ್ತು ಸ್ತನದ ಕೆಲವು ಕ್ಯಾನ್ಸರ್‌ಗಳಲ್ಲಿ ಆ ಜೀನ್‌ನ ಪ್ರತಿಗಳೇ ಹೆಚ್ಚಾಗಿರುತ್ತವೆ. ಸುತ್ತಲಿನ ಅಂಗಾಂಶವನ್ನು ಕರಗಿಸುವ ಕಿಣ್ವಗಳು ಹೊರಬರುವ ಚಾಚುಗಳಿಗೆ ಕಾರ್ಟಾಕ್ಟಿನ್ ಬೇಕು.

ಹಾಗಂತ ಎಲ್ಲವನ್ನೂ ಕಡಿಮೆ ಮಾಡಿದರೆ ಒಳ್ಳೆಯದು ಎಂದುಕೊಳ್ಳಬೇಡಿ. ಪ್ರೊಫಿಲಿನ್-1 ಆಕ್ಟಿನ್ ಅಣುಗಳನ್ನು ಎಳೆಗೆ ತಂದುಕೊಡುತ್ತದೆ. ಆದರೂ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಅದು ಹಲವು ಬಾರಿ ಕಡಿಮೆಯೇ ಇರುತ್ತದೆ. ಲ್ಯಾಬಿನಲ್ಲಿ ಅದನ್ನು ಹೆಚ್ಚಿಸಿದರೆ ಆ ಕೋಶಗಳ ಓಡಾಟ ತಗ್ಗುತ್ತದೆ. ಇಂಥದ್ದಕ್ಕೇ ಈ ವಿಷಯ ನನಗೆ ಬೇಜಾರು ತರಿಸಿಲ್ಲ.

ಪ್ರಶ್ನೆ: ಬಯಾಪ್ಸಿ ವರದಿಯಲ್ಲಿ ‘ಫ್ಯಾಸಿನ್ ಪಾಸಿಟಿವ್’ ಎಂದಿದ್ದರೆ ಕ್ಯಾನ್ಸರ್ ಹರಡಿದೆ ಎಂದೇ?

ಉತ್ತರ: ಅಲ್ಲ. ರೋಗ ಯಾವುದು ಎಂದು ಗುರುತಿಸಲು ಕೂಡ ಆ ಪರೀಕ್ಷೆ ಮಾಡುತ್ತಾರೆ. ಹಾಡ್ಗ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿ ಕ್ಯಾನ್ಸರ್‌ನ ದೊಡ್ಡ ಕೋಶಗಳು ಫ್ಯಾಸಿನ್ ಬಣ್ಣ ಹಿಡಿಯುತ್ತವೆ, ಅಲ್ಲಿ ಅದು ಗುರುತಷ್ಟೇ. ಹರಡಿದೆಯೋ ಇಲ್ಲವೋ ಎನ್ನುವುದು ಸ್ಕ್ಯಾನ್‌ನಿಂದ, ಬೇರೆ ಪರೀಕ್ಷೆಗಳಿಂದ ಗೊತ್ತಾಗಬೇಕು. ವರದಿ ಹಿಡಿದುಕೊಂಡು ಸುಮ್ನೆ ಇಂಟರ್‌ನೆಟ್‌ನಲ್ಲಿ ಹುಡುಕಬೇಡಿ. ‘ಈ ಪರೀಕ್ಷೆ ಯಾಕೆ ಮಾಡಿಸಿದಿರಿ’ ಎಂದು ನಿಮ್ಮ ವೈದ್ಯರನ್ನೇ ಕೇಳಿ.